ಬೂದಿ ಗುಡ್ಡೆಯ ಹೆಂಗಸು

"ಲೇ ನಿಂಗ, ಪಟ ಕುಯ್ಯೋಗಂಟ ಗೊರಕೆ ಹೊಡೀತಿದ್ಯೇನ್ಲಾ?"

"ನಾಲಿಗೆ ಬಿಗಿ ಹಿಡ್ದು ಮಾತಾಡಿ ಮೇಷ್ಟ್ರೇ. ನಾ ಕಾಯೋದು ಬಾಗಿಲ್ನ, ನಿಮ್ಮ ಪಟಾನಲ್ಲ!"

ಮದ್ದೂರು ಠಾಣೆಯಲ್ಲಿ ಮೇಜು ಗುದ್ದಿ ಜಗಳವಾಡುತ್ತಿದ್ದ ಇಬ್ಬರನ್ನೂ ಇನ್‌ಸ್ಪೆಕ್ಟರ್ ಚೌಡಯ್ಯ ಗದರಿ ಕೂರಿಸಿದರು. ದೂರು ಬರೆಸಿಕೊಂಡರು. ದಿನಾಂಕ 9 ಮಾರ್ಚ್ 1941. ಡ್ರಾಯಿಂಗ್ ಮೇಷ್ಟ್ರು ಕೆಂಪಸಿದ್ದಯ್ಯ ಬರೆದ ತೈಲಚಿತ್ರ ಸಕ್ಕರೆ ಮಿಲ್ಲಿನ ಕ್ಲಬ್ಬಿನಲ್ಲಿತ್ತು. ಯಾರೋ ಅದರಿಂದ ಅಂಗೈಯಗಲ ಕುಯ್ದು ಒಯ್ದಿದ್ದರು. ಮೇಷ್ಟ್ರ ಅನುಮಾನ ಕಾವಲುಗಾರ ನಿಂಗಯ್ಯನ ಮೇಲೆ.

ಎಫ್‌ಐಆರ್ ದಾಖಲಿಸಿ, ಮೇಷ್ಟ್ರನ್ನು ಕರೆದುಕೊಂಡು ಕ್ಲಬ್ಬಿಗೆ ಹೋಗಿ ಪಂಚನಾಮೆ ನಡೆಸಿದರು. ಚಿತ್ರದಲ್ಲಿ ಹೊಗೆ ಕವಿದ ಸಂಜೆ, ಎರಡು ಚಿಮಣಿ, ತುಕ್ಕಿನ ಬಣ್ಣಕ್ಕೆ ತಿರುಗಿದ ಶಿಂಷಾ ಹೊಳೆ. ದಡದಲ್ಲಿ ಮಿಲ್ಲಿನ ಒಲೆಯ ಬೂದಿ ಸುರಿದ ಗುಡ್ಡೆ ಇದ್ದ ಕಡೆ ತೂತು.

"ಇಲ್ಲೇನಿತ್ತು?"

"ಇದ್ದಿಲು ಆಯೋ ಹೆಂಗಸು."

"ಯಾರು?"

"ಯಾರೋ. ಮುಖ ಕಂಡಂಗೇ ಬರೆದೆ."

ಕುಯ್ದ ಅಂಚಿನಲ್ಲಿ ಒಂದು ನೂಲೂ ಎದ್ದಿರಲಿಲ್ಲ. ಯಂತ್ರದ ತೊಗಲು ಬೆಲ್ಟು ಕುಯ್ಯುವ ಚಾಕು ಮಾತ್ರ ಅಷ್ಟು ಹರಿತ. ಅದು ಇರುವುದು ಮಿಲ್ಲಿನ ಫಿಟ್ಟರುಗಳ ಹತ್ತಿರ.

ಚೌಡಯ್ಯ ಹೊಳೆದಡಕ್ಕೆ ಇಳಿದರು. ಪಟದಲ್ಲಿದ್ದ ಹೆಂಗಸು ಯಾರೆಂದು ಕೇಳಿದ್ದಕ್ಕೆ, ಅಲ್ಲಿ ಇದ್ದಿಲು ಆಯುತ್ತಿದ್ದ ಮರಿತಾಯಮ್ಮ ನಕ್ಕಳು.

"ಅವ್ಳು ಆಜಿರಾ ಬೀ ಕಣ್ ಸ್ವಾಮಿ, ಫಿಟ್ಟರ್ ಮಕ್ಸೂದನ ಎಂಡ್ತಿ. ನಮ್ಮನೇವ್ಳು ಒಸ್ಲು ದಾಟಾಕಿಲ್ಲ ಅಂತ ಜಂಬ ಕೊಚ್ತಿದ್ದ. ಅಬ್ಬದ ದಿನ ಕ್ಲಬ್ನೋರು ಕೂಲಿಯೋರ್ಗೂ ಪಟ ತೋರುಸುದ್ರಲ್ಲ, ಎಲ್ರೂ ಕೇಕೆ ಆಕುದ್ರು."

ಮಕ್ಸೂದನ ಪೆಟ್ಟಿಗೆಯಲ್ಲಿ ಚಾಕು ಸಿಕ್ಕಿತು. ಬಟ್ಟೆಯಲ್ಲಿ ಸುತ್ತಿಟ್ಟ ತುಂಡೂ ಸಿಕ್ಕಿತು.

"ಯಾಕೆ ಕುಯ್ದೆ?"

"ಮಾನ ಹೋಯ್ತು ಸ್ವಾಮಿ. ನಿನ್ನ ಬೀಬಿ ಬೂದಿ ಕೆದಕ್ತಾವ್ಳೆ ಅಂತ ಆಡ್ಕೊಂಡ್ರು."

"ಸುಡಲಿಲ್ಲ ಯಾಕೆ?"

ಅವನು ತುಂಡಿನ ಮೇಲೆ ಮತ್ತೆ ಬಟ್ಟೆ ಮುಚ್ಚಿದ. ದಸ್ತಗಿರಿ ಮಾಡಿದರು.

ಸಂಜೆ ಬುತ್ತಿ ಹಿಡಿದು ಹಾಜಿರಾ ಬೀ ಠಾಣೆಗೆ ಬಂದಳು. ಚೌಡಯ್ಯ ತುಂಡನ್ನು ಮೇಜಿನ ಮೇಲಿಟ್ಟರು.

"ಇದು ಯಾರಮ್ಮ?"

"ನಾನೇ ಸಾಬ್." ಬಹಳ ಹೊತ್ತು ನೋಡಿ, ಲಾಕಪ್ಪಿನ ಕಡೆ ತಿರುಗಿದಳು. "ಸಂಬಳ ಸಾಲ್ದು, ಇದ್ದಿಲು ಆಯ್ಕೊಂಡ್ ಬಾ ಅಂತ ಕಳಿಸ್ದೋರು ನೀವು. ಆ ಒಲೇಲಿ ಬೆಂದ ರೊಟ್ಟಿ ತಿನ್ನೋವಾಗ ಹೋಗ್ದಿದ್ದ ಮಾನ, ನನ್ನ ಮುಖ ಕಂಡಾಗ ಹೋಯ್ತಾ?"

ಮಕ್ಸೂದ ಗೋಡೆಗೆ ಮುಖ ಮಾಡಿದ.

ಕೇಸಿನ ಕಾಗದದಲ್ಲಿ ಕಾರಣ ಬರೆಯುವ ಕಡೆ ಚೌಡಯ್ಯ ಬರೆದರು: ಕಳವಿನ ಆಸೆಯಲ್ಲ, ನಾಚಿಕೆ. ಹಾಜಿರಾಳ ಹೇಳಿಕೆಗೆ ಹೆಬ್ಬೆಟ್ಟು ಹಾಕಿಸಲು ತಲೆ ಎತ್ತಿದರೆ ಆಕೆ ಬುತ್ತಿಯನ್ನು ಬೆಂಚಿನ ಮೇಲಿಟ್ಟು ಮೆಟ್ಟಿಲು ಇಳಿಯುತ್ತಿದ್ದಳು.

"ಹಾಜಿರಾ!" ಎಂದು ಮಕ್ಸೂದ ಕೂಗಿದ.

ಅವಳು ನಿಲ್ಲಲಿಲ್ಲ. ಅವನು ಜಾಮೀನಿನ ಮೇಲೆ ಹೊರಬಂದ ದಿನವೂ ಬರಲಿಲ್ಲ.