ಮಾಲಾಳ ಸಾವಿಗೆ ಹಾಕಿದ ಕಟ್ಟು

"ಕಾಣದ್ದನ್ನ ಕಂಡೆ ಅನ್ಬ್ಯಾಡಿ ಡಾಕ್ಟ್ರಮ್ಮಾ." ಹೂವಮ್ಮ ಶವಾಗಾರದ ಬಾಗಿಲಿಗೆ ಅಡ್ಡ ನಿಂತಿದ್ದಳು. "ನನ್ ಮಗಳು ಹೆಂಗ್ ಸತ್ಲು ಅಂತ ನೋಡ್ದೇ ಹೇಳ್ದೋರ ಎದೆಗೆ ಕೆರೆ ನೀರು ತುಂಬ್ಲಿ ಅಂತ ಮಾಟದ ಕಟ್ಟು ಹಾಕ್ಸೀನಿ. ಅದ್ಕೇ ನಾನೂ ಯಾರ ಹೆಸ್ರೂ ಎತ್ತಿಲ್ಲ."

ಪವಿತ್ರ ನಕ್ಕಳು. ಮೈಸೂರಿನಿಂದ ಸೊರಬಕ್ಕೆ ಬಂದ ಹೊಸ ಡಾಕ್ಟರು. "ನೀವು ನೋಡದೇ ಇರೋದೂ ನನ್ನ ಚಾಕುವಿಗೆ ಕಾಣುತ್ತಮ್ಮ. ಪಕ್ಕಕ್ಕೆ ಬನ್ನಿ."

ಒಳಗೆ ಫಿನಾಯಿಲನ್ನೂ ಮೀರಿ ಕೊಳೆತ ಜೊಂಡಿನ ನಾತ. ಮಾಲಾಳ ಕೂದಲಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಶ್ವಾಸಕೋಶ ಊದಿಕೊಂಡಿತ್ತು, ಉಸಿರುನಾಳದಲ್ಲಿ ನೊರೆ, ಕೆಸರು. ಕೆರೆಗೆ ಬಿದ್ದಾಗ ಜೀವವಿತ್ತು, ಅಷ್ಟು ಖಚಿತ. ಹಾರಿದಳೋ, ಜಾರಿದಳೋ, ತವರಿಂದ ಕರೆದೊಯ್ಯಲು ಶಿರಾಳಕೊಪ್ಪದಿಂದ ಬಂದಿದ್ದ ಗಂಡ ನಾಗರಾಜ ತಳ್ಳಿದನೋ? ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ.

ಹೊರಗೆ ಪೇದೆ ಕೇಳಿದ, "ಏನಾಗಿದೆ ಮೇಡಂ?"

ಗೊತ್ತಿಲ್ಲ ಎನ್ನಲು ನಾಲಗೆ ಏಳಲಿಲ್ಲ. "ಆತ್ಮಹತ್ಯೆ," ಎಂದಳು.

ಬಾಯಿಗೆ ಕೆಸರಿನ ರುಚಿ ಬಂತು. ಕೆಮ್ಮಿದಳು. ಅಂಗೈ ತುಂಬ ಹಸಿರು ನೀರು. ಆಕ್ಸಿಜನ್ ಹಾಕಿಸಿಕೊಂಡಳು, ನಾಟಲಿಲ್ಲ. ಉಸಿರೆಳೆದಷ್ಟೂ ಎದೆಯೊಳಗೆ ಗುಳುಗುಳು ಸದ್ದು. ಹೂವಮ್ಮ ಮಗಳಿಗೆ ಗುಂಡಿ ತೋಡಿಸಲು ತನ್ನೂರು ಜಡೆಗೆ ಹೋಗಿದ್ದಳು. ಪವಿತ್ರ ಆಸ್ಪತ್ರೆಯ ಜೀಪಿನಲ್ಲಿ, ಅರ್ಧ ಉಸಿರಿನಲ್ಲಿ, ಆಕೆಯ ಅಂಗಳಕ್ಕೆ ಬಂದು ಬಿದ್ದಳು.

"ಕಟ್ಟು ಬಿಡಿಸಮ್ಮ. ತಪ್ಪಾಯ್ತು. ಕೊಲೆ ಅಂತೀನಿ."

ಆ ಮಾತಿಗೇ ನೀರು ಗಂಟಲಿಗೇರಿತು. ಮೂಗಿನಿಂದ ಸುರಿಯಿತು. ನಡುಹಗಲಲ್ಲೇ ಕಣ್ಣಿಗೆ ಕತ್ತಲೆ ಕವಿಯಿತು.

"ನೋಡೀರೇನು ಡಾಕ್ಟ್ರಮ್ಮಾ?" ಹೂವಮ್ಮ ಅವಳ ಪಕ್ಕಕ್ಕೆ ಬಗ್ಗಿದಳು. "ಅವ್ನು ತಳ್ಳಿದ್ದು ನಿಮಗ್ ಕಾಣ್ತೇನು?"

"ಇಲ್ಲ. ಗೊತ್ತಿಲ್ಲ. ಕೊಯ್ದು ನೋಡಿದ್ರೂ ಗೊತ್ತಾಗ್ಲಿಲ್ಲ."

ಉಸಿರು ಬಂತು. ಪವಿತ್ರ ಮಣ್ಣಿನ ಮೇಲೆ ಮುಖವಿಟ್ಟು ಬಾಯಿತುಂಬ ಗಾಳಿ ಎಳೆದಳು.

ಹೂವಮ್ಮ ಕುಸಿದು ಕುಳಿತಳು. "ನಿಮಗೇ ಗೊತ್ತಾಗ್ಲಿಲ್ಲ ಅಂದ್ರೆ ಇನ್ಯಾರ್ನ ಕೇಳ್ಲಿ? ಅವ್ನು ನಾಳೆ ಇನ್ನೊಂದು ಮದ್ವೆ ಆಗ್ತಾನೆ. ನನ್ ಮಗಳ ಪರವಾಗಿ ಒಂದ್ ಬಾಯಾದ್ರೂ ಬ್ಯಾಡ್ವಾ?"

"ಬೇಡಮ್ಮ. ಹೇಳಬೇಡಿ."

"ನಾಗರಾಜನೇ ತಳ್ಳಿದ್ದು," ಎಂದಳು ತಾಯಿ.

ಕೆಮ್ಮು. ನೀರು. ಪವಿತ್ರ ಆಕೆಯನ್ನು ಬೋರಲು ಹಾಕಿ ಬೆನ್ನು ಒತ್ತಿದಳು. ಒತ್ತಿದಷ್ಟೂ ಬಂತು. ಜೊಂಡು ಬಂತು. ಕೆಸರು ಬಂತು. "ನೋಡಿಲ್ಲ ಅನ್ನಿ ಹೂವಮ್ಮ. ಒಂದೇ ಮಾತು. ಅನ್ನಿ."

ಹೂವಮ್ಮ ಹಲ್ಲು ಕಚ್ಚಿ ಅಡ್ಡಡ್ಡ ತಲೆಯಾಡಿಸಿದಳು. ಅನ್ನಲಿಲ್ಲ. ಕಾದ ಅಂಗಳದ ನಡುವೆ, ಡಾಕ್ಟರಮ್ಮನ ಕೈಯೊಳಗೇ, ಆಕೆ ಮುಳುಗಿ ಸತ್ತಳು.