ಹಿಮಚಂದ್ರನ ಪಕ್ಕದಲ್ಲೊಂದು ಸೇಡು

"ಒಳಗೆ ಬರಬಹುದಾ?"

ಆ ದನಿ! ಕೀಲಿಮಣೆಯ ಮೇಲಿದ್ದ ಅವಳ ಬೆರಳುಗಳು ಹಾಗೇ ನಿಂತವು. ಬಾಗಿಲಲ್ಲಿ ಅವನಿದ್ದ. ಕಿವಿಯ ಬಳಿ ಕೂದಲು ನರೆತಿತ್ತು. ಕಣ್ಣು ಮಾತ್ರ ಅದೇ...

'ಬಂದೆಯಾ? ಈ ದಿನಕ್ಕೇ ಕಾಯುತ್ತಿದ್ದೆ!'

"ಬನ್ನಿ, ಕೂತ್ಕೊಳ್ಳಿ," ಎಂದಳು. ಒಂದು ಕಾಲದಲ್ಲಿ 'ಲೋ' ಎಂದು ಕರೆಯುತ್ತಿದ್ದವನಿಗೆ ಈಗ ಬಹುವಚನ. ಅವನ ಮುಖ ಸಣ್ಣಗಾಯಿತು. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಬಾಹ್ಯಾಕಾಶ ಕೇಂದ್ರದಲ್ಲಿ ಎಲ್ಲರೂ ಅವಳನ್ನು 'ದಾರಿ ಮೇಡಂ' ಎನ್ನುತ್ತಿದ್ದರು. ದೂರದ ದೈತ್ಯ ಗ್ರಹವೊಂದನ್ನು ಸುತ್ತುತ್ತಿದ್ದ, ಮನುಷ್ಯರಿಲ್ಲದ ನೌಕೆಗೆ ದಾರಿ ಲೆಕ್ಕ ಹಾಕುವವಳು ಅವಳು. ಆ ನೌಕೆಯ ಕ್ಯಾಮೆರಾ ಅವನ ಜವಾಬ್ದಾರಿ.

"ಇಂಧನ ಮುಗೀತಾ ಬಂತು. ಅಷ್ಟರೊಳಗೆ ಹಿಮಚಂದ್ರನ ಹತ್ತಿರ ಒಂದ್ಸಲ ಹಾದು ಹೋಗಬೇಕು. ನೀವು ಆಗ ಹೇಳಿದ್ದ ದಾರಿಯಲ್ಲೇ..."

ಎಷ್ಟು ಧೈರ್ಯ!

ಆ ದಾರಿಯನ್ನು ಕೊಂದವನು ಇವನೇ. ವರ್ಷಗಳ ಹಿಂದಿನ ಮಾತು, ಆಗ ಇಬ್ಬರ ಮದುವೆ ನಿಶ್ಚಯವಾಗಿತ್ತು. ಗ್ರಹದ ಮಂಜುಗಡ್ಡೆಯ ಉಪಗ್ರಹವಾದ ಆ ಹಿಮಚಂದ್ರನನ್ನು ತೀರಾ ಹತ್ತಿರದಿಂದ ಹಾದುಹೋಗುವ ಯೋಜನೆಯನ್ನು ಅವಳು ಸಭೆಯ ಮುಂದಿಟ್ಟಿದ್ದಳು. ಇವನು ಎದ್ದು ನಿಂತು, "ಈ ದಾರಿ ಅಪಾಯ, ಬೇಡ," ಎಂದುಬಿಟ್ಟ. ಅವನು ಕಾರಣ ಹೇಳುವ ಮೊದಲೇ ಅವಳು ಹೊರನಡೆದಿದ್ದಳು. ಅಷ್ಟೇ. ಯೋಜನೆ ಕಸದ ಬುಟ್ಟಿಗೆ, ಅವಳು ಬೇರೆ ವಿಭಾಗಕ್ಕೆ. "ಇನ್ನು ನಿನ್ನ ಮುಖ ತೋರಿಸಬೇಡ!" ಎಂದು ಸಂಬಂಧ ಕಡಿದುಕೊಂಡಿದ್ದಳು. ಹಲ್ಲು ಕಚ್ಚಿ ದುಡಿದು, ಇಂದು ದಾರಿ ವಿಭಾಗದ ಮುಖ್ಯಸ್ಥೆಯಾಗಿದ್ದಳು.

"ಆಗ ಮುಳ್ಳಾಗಿದ್ದ ದಾರಿ ಈಗ ಹೂವಿನ ಹಾಸಿಗೆ ಆಯ್ತಾ?"

"ಅದು... ಆಗ..."

"ವಿವರಣೆ ಕೇಳಿಲ್ಲ. ದಾರಿ ಕೊಡ್ತೀನಿ. ಸಭೆಗೆ ಬನ್ನಿ."

ಅಂದು ಮನೆಯಲ್ಲಿ ಅಮ್ಮ ಬಡಿಸುತ್ತಾ ಮಗಳ ಮುಖ ನೋಡಿದಳು. "ಅವನು ಬಂದಿದ್ನಾ?"

"ಹ್ಞೂಂ. ಈ ಸಲ ಸರಿಯಾಗಿ ಬುದ್ಧಿ ಕಲಿಸ್ತೀನಮ್ಮ."

"ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ ಕಣೇ."

"ಕೊಯ್ಯೋದು ಅವನ ಮೂಗನ್ನಲ್ವಾ? ಬರದಿದ್ರೆ ಬೇಡ ಬಿಡು!"

ಸಭೆಯಲ್ಲಿ ಅವಳು ತೋರಿಸಿದ ದಾರಿ, ಅವನು ಕೇಳಿದ್ದಕ್ಕಿಂತಲೂ ಹತ್ತಿರದ್ದು. ನೌಕೆಗೆ ಅಪಾಯವಿರಲಿಲ್ಲ. ಉಪಗ್ರಹದ ಸೆಳೆತ ಅಳೆಯುವವರಿಗಂತೂ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. ಆದರೆ ಅಷ್ಟು ಸಮೀಪದಲ್ಲಿ ಹಿಮಚಂದ್ರ ಕ್ಯಾಮೆರಾದ ಮುಂದೆ ಶರವೇಗದಲ್ಲಿ ಓಡಿಹೋಗುತ್ತಾನೆ. ಚಿತ್ರಗಳೆಲ್ಲ ಬರೀ ಮಸುಕು! ಹಾಗಾಗಲೆಂದೇ ಅವಳು ಆ ಗೆರೆ ಎಳೆದಿದ್ದಳು.

'ಕೂಗಾಡು. ಅಂಗಲಾಚು. ಎಲ್ಲರ ಎದುರಿಗೇ!'

"ಕ್ಯಾಮೆರಾದವರು ಏನಂತೀರಿ?" ನಿರ್ದೇಶಕರು ಕೇಳಿದರು.

ಅವನು ಪರದೆ ನೋಡಿದ. ಆಮೇಲೆ ಅವಳನ್ನು. ಅವನಿಗೆ ಎಲ್ಲ ಅರ್ಥವಾಗಿತ್ತು.

"ನನ್ನ ಚಿತ್ರಗಳು ಹಾಳಾಗುತ್ತವೆ ಸರ್. ಆದ್ರೆ ಸೆಳೆತ ಅಳೆದು ಮಂಜಿನ ಕೆಳಗೆ ನೀರಿದೆಯಾ ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ನನ್ನ ಒಪ್ಪಿಗೆ ಇದೆ."

ಗೆದ್ದಳು. ಆದರೆ ಹೊಟ್ಟೆಯೊಳಗಿನ ಬೆಂಕಿ ಆರಲಿಲ್ಲ... ಓಡಿಹೋಗಿ ಮೊಗಸಾಲೆಯಲ್ಲಿ ಅವನಿಗೆ ಅಡ್ಡ ನಿಂತಳು.

"ಯಾಕೆ ಜಗಳ ಆಡ್ಲಿಲ್ಲ? ಆವತ್ತು ನನ್ನ ಕಾಲ ಕೆಳಗಿನ ನೆಲ ಎಳೆದೋನು ನೀನು! ಇವತ್ತು ದೊಡ್ಡ ಮನುಷ್ಯನ ವೇಷ ಹಾಕ್ತೀಯಾ?"

ಸಿಟ್ಟಿನಲ್ಲಿ ಬಹುವಚನ ಎಲ್ಲೋ ಬಿದ್ದುಹೋಗಿತ್ತು.

"ಆವತ್ತು ಕ್ಯಾಮೆರಾ ಗುರಿಯಿಡೋಕೆ ನೌಕೆ ತಿರುಗಿಸೋ ನಮ್ಮ ಚಕ್ರ ಪರೀಕ್ಷೆಯಲ್ಲಿ ನಡುಗ್ತಿತ್ತು," ಅವನು ಮೆಲ್ಲಗೆ ಹೇಳಿದ. "ಅಷ್ಟು ಹತ್ತಿರ ಹೋಗಿದ್ರೆ ನೌಕೆಯೇ ಕೈತಪ್ಪುತ್ತಿತ್ತು. ಹೋದ ವರ್ಷವಷ್ಟೇ ಅದಕ್ಕೆ ಪರಿಹಾರ ಸಿಕ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ಆ ಸಭೆಯ ಹಿಂದಿನ ದಿನ ಹೇಳೋಕೇ ಬಂದಿದ್ದೆ. ನಿಮ್ಮಪ್ಪನ ಆಪರೇಷನ್ ನಡೀತಿತ್ತು. ಆಸ್ಪತ್ರೆ ಬೆಂಚಿನ ಮೇಲೆ ನಿನ್ನ ಮುಖ ನೋಡಿ ಬಾಯೇ ಬರಲಿಲ್ಲ... ವಾಪಸ್ ಹೋದೆ. ನಾನು ಹೇಳಿದ್ದು ತಪ್ಪಲ್ಲ. ನಿನಗಿಂತ ಮೊದಲು ಊರಿಗೆಲ್ಲ ಹೇಳಿದ್ದು ತಪ್ಪು. ಮುಖ ತೋರಿಸಬೇಡ ಅಂತ ನೀನಂದೆ. ನನಗೆ ಆ ಶಿಕ್ಷೆ ಸರಿ ಅನ್ನಿಸ್ತು."

"ಹೇಡಿ!"

"ಹೌದು."

"ನನಗೆ ತಡ್ಕೊಳ್ಳೋ ಶಕ್ತಿ ಇಲ್ಲ ಅಂತ ನೀನೇ ತೀರ್ಮಾನ ಮಾಡ್ಬಿಟ್ಟೆ!"

"ಹೌದು. ಕ್ಷಮಿಸು ಅನ್ನೋಕೂ ಮುಖ ಇಲ್ಲ ನನಗೆ."

ಅವನು ಒಂದು ನೆಪ ಹೇಳಿದ್ದರೂ ಸಾಕಿತ್ತು, ಸಿಗಿದು ಹಾಕುತ್ತಿದ್ದಳು. ಹೇಳಲಿಲ್ಲ. ಅವಳು ಕೋಣೆಗೆ ಮರಳಿ, ಬಾಗಿಲು ಹಾಕಿಕೊಂಡು ಅತ್ತಳು. ಆ ಹಿಮಚಂದ್ರನ ಮುಖವನ್ನು ಹತ್ತಿರದಿಂದ ನೋಡಬೇಕೆಂದು ಕನಸು ಕಂಡವಳು ತಾನೇ ಅಲ್ಲವೆ? ಅವನ ಕಣ್ಣು ಕಟ್ಟಲು ಹೋಗಿ ತನ್ನ ಕಣ್ಣನ್ನೂ ಕಟ್ಟಿಕೊಂಡಿದ್ದಳಲ್ಲ!

ಮರುದಿನ ಅವನ ಪ್ರಯೋಗಾಲಯಕ್ಕೆ ಹೋಗಿ, ಕುರ್ಚಿ ಎಳೆದು ಕೂತಳು.

"ಚಂದ್ರ ಓಡೋ ವೇಗಕ್ಕೆ ಸರಿಯಾಗಿ ನೌಕೆಯನ್ನೂ ತಿರುಗಿಸ್ತಾ ಹೋದ್ರೆ ಚಿತ್ರ ಮಸುಕಾಗಲ್ಲ. ಲೆಕ್ಕ ನಾನು ಹಾಕ್ತೀನಿ. ನಿನ್ನ ಚಕ್ರ ತಡೆಯುತ್ತಾ?"

"ತಡೆಯುತ್ತೆ... ಅಂದ್ರೆ, ಕ್ಷಮಿಸಿದ್ಯಾ?"

"ಇಲ್ಲ! ಕೆಲಸ ಮಾಡು."

ವಾರಗಟ್ಟಲೆ ಮಾಡಿದರು. ಜಗಳವಾಡುತ್ತಲೇ ಮಾಡಿದರು.

ಆ ದಿನ ಬಂತು. ಸಂದೇಶ ಅಷ್ಟು ದೂರದಿಂದ ಭೂಮಿ ಮುಟ್ಟುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದೇ ಹೋಗಿರುತ್ತದೆ. ಕಾಯುವುದೊಂದೇ ಕೆಲಸ. ನಿಯಂತ್ರಣ ಕೊಠಡಿಯಲ್ಲಿ ಎಲ್ಲರೂ ಪರದೆಯ ಮುಂದೆ ನೆರೆದಿದ್ದರು.

ಮೊದಲ ಚಿತ್ರ ಬಂತು. ಬೂದು ಮಸುಕು! ಅವಳು ಪರದೆಯತ್ತ ಬಾಗಿದಳು. 'ನನ್ನ ಶಾಪವೇ ತಟ್ಟಿತಾ?'

"ನೌಕೆ ಈಗಷ್ಟೇ ತಿರುಗೋಕೆ ಶುರು ಮಾಡಿದೆ... ತಾಳು," ಎಂದ ಅವನು.

ಎರಡನೆಯದು ಬಂತು. ಬಿಳಿ ಹಿಮದ ಎದೆಯ ಮೇಲೆ ಉದ್ದನೆಯ ನೀಲಿ ಬಿರುಕು. ಅಂಚು ಚಾಕುವಿನಿಂದ ಕೊಯ್ದಷ್ಟು ಸ್ಪಷ್ಟ! ಕೊಠಡಿ ಚಪ್ಪಾಳೆಯಿಂದ ತುಂಬಿಹೋಯಿತು. ಅವಳಿಗೆ ಏನೂ ಕೇಳಿಸಲಿಲ್ಲ. ಅವನ ತೋಳು ಹಿಡಿದುಕೊಂಡಿದ್ದೂ ಗೊತ್ತಾಗಲಿಲ್ಲ.

ಗದ್ದಲ ಇಳಿದ ಮೇಲೆ, ಕಟ್ಟಡದ ಹೊರಗಿನ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಬಿಸಿಲು ಹದವಾಗಿತ್ತು.

"ನಿನ್ನನ್ನ ಮರೆಯೋಕೆ ನನಗೆ ಆಗಲೇ ಇಲ್ಲ," ಎಂದ ಅವನು. "ಸೇಡು ತೀರ್ತಾ?"

"ಎಲ್ಲಿ ತೀರುತ್ತೆ? ಒಂದೇ ಸಲಕ್ಕೆ ಮುಗಿಯೋವಂಥದ್ದಲ್ಲ. ದಿನಾ ಸ್ವಲ್ಪ ಸ್ವಲ್ಪ ತೀರಿಸ್ಕೋಬೇಕು. ಅದಕ್ಕೆ ನೀನು ಕಣ್ಣೆದುರಿಗೇ ಇರಬೇಕು."

"ಎಲ್ಲಿಯ ತನಕ?"

"ಹಲ್ಲು ಬಿದ್ದು ಮುದುಕ ಆಗೋ ತನಕ!"

ಅವನು ನಕ್ಕ. ಕಣ್ಣಲ್ಲಿ ನೀರಿತ್ತು. "ಆಮೇಲೆ?"

ಅವಳು ಅವನ ಭುಜಕ್ಕೆ ತಲೆಯಾನಿಸಿದಳು. "ಆಮೇಲೆ ಯೋಚನೆ ಮಾಡೋಣ ಕಣೋ..."