ಮೂರನೇ ಲೋಟ ನೀರು

“ಸಡಿಲ ಆಯ್ತು ಟೈಲರಮ್ಮ, ಇನ್ನೊಂದ್ಸಲ ಕಟ್ಟಿ.”

ಇದು ಮೂರನೇ ಸಲ. ಕವಚದ ಪಟ್ಟಿಗಳೆಲ್ಲ ಬೆನ್ನಿಗೆ. ತೊಟ್ಟವರು ತಾವೇ ಬಿಚ್ಚಿಕೊಳ್ಳುವಂತಿಲ್ಲ. ಹಾಗೆ ಹೊಲಿದವಳು ನಾನೇ. ನಾನು ನಾಟಕ ಕಂಪನಿಯ ದರ್ಜಿ, ಕವಚ ತೊಟ್ಟು ನಿಂತವರು ಯಜಮಾನರ ಒಬ್ಬನೇ ಮಗ. ಹಳೆಯ ಪರ್ಷಿಯನ್ ಮಹಾಕಾವ್ಯದ ನಾಟಕ. ಸಲ್ಲದ ಯುದ್ಧಕ್ಕೆ ರಾಜ ತನ್ನ ಮಗನನ್ನೇ ಕಳಿಸುತ್ತಾನೆ. ರಾಜನ ಪಾತ್ರ ಯಜಮಾನರದು, ಮಗನ ಪಾತ್ರ ಮಗನದು.

“ವೀರನಿಗೆ ಅಳುಕು ಇರಲ್ಲ, ಎದೆ ಸೆಟೆಸಿ ನಿಲ್ಲು ಅಂದಿದಾರೆ ನಿಮ್ಮಪ್ಪ.”

“ಅಪ್ಪ ಕಾವ್ಯ ಓದಿಲ್ಲ. ಯುದ್ಧಕ್ಕೆ ಹೊರಡೋ ಮುಂಚೆ ಆ ರಾಜಕುಮಾರ ಮೂರು ಸಲ ನೀರು ಕೇಳ್ತಾನೆ. ಬಾಯಾರಿಕೆಗಲ್ಲ, ಹೊತ್ತು ತಳ್ಳೋಕೆ. ಸಾಯೋಕೆ ಹೆದರಿಕೆ ಇಲ್ಲ ಅವನಿಗೆ. ಅಪ್ಪನ ಮುಖ ನೋಡಿ ‘ಆಗಲ್ಲ’ ಅನ್ನೋಕೆ ಹೆದರಿಕೆ.”

ಕನ್ನಡಿಯಲ್ಲಿ ಅವರ ಕಣ್ಣು ನನ್ನ ಮೇಲಿತ್ತು. ನಾನು ತಲೆಯೆತ್ತಿದೊಡನೆ ಛಾವಣಿಗೆ ಹಾರಿತು. ಆರು ವಾರದಿಂದ ಇದೇ ಕಣ್ಣುಮುಚ್ಚಾಲೆ. ನನಗೂ ಅದು ಬೇಕಿತ್ತು, ಸುಳ್ಳೇಕೆ ಹೇಳಲಿ.

ಆದರೆ ಇವತ್ತು ರಿಹರ್ಸಲ್ ಮುಗಿಯುತ್ತಲೇ ಯಜಮಾನರು ತಮ್ಮ ಸ್ನೇಹಿತರೊಬ್ಬರಿಗೆ ಮಾತು ಕೊಡಲಿದ್ದರು, ಆ ಸ್ನೇಹಿತರ ಮಗಳೇ ತಮ್ಮ ಸೊಸೆ ಎಂದು. ಕಂಪನಿಗೆಲ್ಲ ಗೊತ್ತು. ಮಗ ಮಾತ್ರ ತುಟಿ ಪಿಟಕ್ಕೆಂದಿರಲಿಲ್ಲ.

“ಇನ್ನೂ ಆಗ್ಲಿಲ್ವೇನೋ?” ರಂಗದಿಂದ ಯಜಮಾನರು ಗುಡುಗಿದರು.

“ಪಟ್ಟಿ ಸಡಿಲ, ಅಪ್ಪಾ!”

ಆಗ ನನಗೆ ಅರ್ಥವಾಯಿತು. ಇದು ಪಟ್ಟಿಯಲ್ಲ, ಮೂರನೇ ಲೋಟ ನೀರು. ಸಿಟ್ಟೂ ಬಂತು, ಅಳುವೂ ಬಂತು.

“ಗಂಟು ಬಿಗಿಯಾಗೇ ಇದೆ. ನಿಮ್ಮನ್ನ ಕಟ್ಟಿ ಕಟ್ಟಿ ಕಳಿಸೋಕೆ ಇನ್ನು ನನ್ನ ಕೈಲಾಗಲ್ಲ,” ಎಂದು ಎಲ್ಲ ಪಟ್ಟಿ ಬಿಚ್ಚಿಬಿಟ್ಟೆ. ಕವಚ ನೆಲಕ್ಕೆ ಬಿತ್ತು.

ಬರೀ ಬನಿಯನ್ನಿನಲ್ಲಿ ಅವರು ರಂಗಕ್ಕೆ ನಡೆದರು. ನಾನು ಪರದೆಯ ಅಂಚು ಹಿಡಿದು ನಿಂತೆ.

“ಅಪ್ಪಾ, ಒಂದು ಮಾತಿದೆ.”

“ಯುದ್ಧ ಮುಗಿಸಿ ಬಾ ಮಗನೇ, ಆಮೇಲೆ ಮಾತು.” ಯಜಮಾನರು ಸಿಂಹಾಸನದಿಂದ ರಾಜನ ಮಾತನ್ನೇ ಒಪ್ಪಿಸಿದರು.

“ನಾಟಕದ್ದಲ್ಲ ಅಪ್ಪ, ನಂದು. ಆ ಮದುವೆ ನನಗೆ ಆಗಲ್ಲ. ನಾನು ಟೈಲರಮ್ಮನ್ನ ಕೇಳ್ಬೇಕು ಅಂತಿದೀನಿ. ಅವರು ಏನಂತಾರೋ ಗೊತ್ತಿಲ್ಲ.”

“ಹ್ಞೂಂ ಅಂತೀನಿ,” ಎಂದೆ ಪರದೆಯ ಪಕ್ಕದಿಂದ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

ಯಜಮಾನರು ಕಿರೀಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬೆವರಿಗೆ ಕೂದಲು ಅಂಟಿತ್ತು. ಮಗನನ್ನು ನೋಡಿದರು, ನನ್ನನ್ನು ನೋಡಿದರು.

“ನೀರು ಕೊಡಮ್ಮ,” ಎಂದರು ಕೊನೆಗೆ.

ಕೊಟ್ಟೆ. ಒಂದೇ ಗುಟುಕಿಗೆ ಕುಡಿದು, ನಮ್ಮಿಬ್ಬರ ಮುಖ ನೋಡದೆ ಲೋಟವನ್ನು ಮತ್ತೆ ಚಾಚಿದರು.

“ಇನ್ನೊಂದು.”